ವ್ಯಾಸಂಗದ ಬುತ್ತಿ

ಪದವಿ ಮುಗಿಸಿದ ಮೇಲೂ ಓದಬೇಕೆಂಬ ಹಂಬಲವುಳ್ಳ ಬಡ ವಿದ್ಯಾರ್ಥಿಗೆ ಮೊದಲು ಎದುರಾಗುವುದು ಹಣದ ಪ್ರಶ್ನೆ. ಹಿಂದೆ ಕನ್ನಡ ನಾಡಿನಲ್ಲಿ ಎಷ್ಟೋ ಹುಡುಗರು ದಿನಕ್ಕೊಂದು ಮನೆಯಲ್ಲಿ ವಾರಾನ್ನ ಉಂಡು ವಿದ್ಯಾವಂತರಾದರು. ಆದರೆ ವಾರಾನ್ನದ ಮನೆ ಸಾಮಾನ್ಯವಾಗಿ ಜಾತಿಯನ್ನು ಕೇಳಿಯೇ ಬಾಗಿಲು ತೆರೆಯುತ್ತಿತ್ತು. ಅಂತಹ ಬಾಗಿಲೂ ಇಲ್ಲದವರು ಏನು ಮಾಡಬೇಕಾಗಿತ್ತು? ಡಾ. ಭೀಮರಾವ್ ಅಂಬೇಡ್ಕರರ ವಿದ್ಯಾರ್ಥಿ ಜೀವನವನ್ನು ನೋಡಿದರೆ ಆ ಪಾಡು ತಿಳಿಯುತ್ತದೆ.

ಅಂಬೇಡ್ಕರರ ತಂದೆ ರಾಮಜಿ ಸಕ್ಪಾಲರು ಸೈನ್ಯದಿಂದ ನಿವೃತ್ತರಾದ ಸುಬೇದಾರರು. ಮಗನು ಕೇಳಿದ ಪುಸ್ತಕವನ್ನು ತರಲು ಅವರು ಮದುವೆಯಾದ ಹೆಣ್ಣುಮಕ್ಕಳ ಒಡವೆಯನ್ನು ಕಡ ತಂದು ಅಡವಿಡುತ್ತಿದ್ದರಂತೆ. ಕಾಲೇಜಿನ ಓದು ಆ ಅಡವಿಗೆ ನಿಲುಕುವಂತಹುದಲ್ಲ. ಬರೋಡ ಸಂಸ್ಥಾನದ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 25 ರೂಪಾಯಿ ಕೊಟ್ಟುದರಿಂದ ಅಂಬೇಡ್ಕರರು 1912ರಲ್ಲಿ ಬಿ.ಎ. ಪದವೀಧರರಾದರು. ಮರುವರ್ಷ ತಂದೆ ತೀರಿಕೊಂಡರು. ಅದೇ ವರ್ಷ ಮಹಾರಾಜರು ಅಮೆರಿಕಾದ ವ್ಯಾಸಂಗಕ್ಕೆಂದು ಮೂರು ವರ್ಷಗಳ ಕಾಲ ತಿಂಗಳಿಗೆ 11.5 ಪೌಂಡುಗಳ ವೇತನವನ್ನು ಮಂಜೂರು ಮಾಡಿದರು. ಅದಕ್ಕೆ ಪ್ರತಿಯಾಗಿ, ಹಿಂದಿರುಗಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆಯಲ್ಲಿರುವುದಾಗಿ ಅವರು ಕರಾರು ಬರೆದುಕೊಡಬೇಕಾಯಿತು.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅವರು ಅರ್ಥಶಾಸ್ತ್ರವನ್ನು ಅಭ್ಯಸಿಸಿ 1915ರಲ್ಲಿ ಎಂ.ಎ. ಪಡೆದರು. ಬರುತ್ತಿದ್ದ ವೇತನದಲ್ಲಿಯೇ ಒಂದಿಷ್ಟನ್ನು ಉಳಿಸಿ ಊರಿನ ಸಂಸಾರಕ್ಕೆ ಕಳುಹಿಸಬೇಕಾಗಿತ್ತು. ಉಳಿದುದು ಹೊಟ್ಟೆಗಿಂತ ಹೆಚ್ಚಾಗಿ ಹಳೆಯ ಪುಸ್ತಕಗಳಿಗೆ ಹೋಗುತ್ತಿತ್ತು. 1916ರಲ್ಲಿ ಲಂಡನ್ನಿಗೆ ತೆರಳಿ ಅಲ್ಲಿನ ಅರ್ಥಶಾಸ್ತ್ರದ ಶಾಲೆಯನ್ನು ಸೇರಿದರು. ಆ ಓದು ಅರ್ಧದಲ್ಲಿರುವಾಗಲೇ ವೇತನದ ಅವಧಿ ಮುಗಿಯಿತು. ವಿಶ್ವವಿದ್ಯಾಲಯವು ಒಂದು ಉಪಕಾರವನ್ನು ಮಾಡಿತು: 1917ರ ಅಕ್ಟೋಬರಿನಿಂದ ನಾಲ್ಕು ವರ್ಷಗಳೊಳಗೆ ಮರಳಿ ಬಂದರೆ ಓದನ್ನು ಮುಂದುವರಿಸಬಹುದೆಂದು ಅನುಮತಿಯಿತ್ತಿತು. ಊರಿಗೆ ಹೊರಟಾಗ ಬೇರೆ ಹಡಗಿನಲ್ಲಿ ಕಳುಹಿಸಿದ್ದ ಅವರ ಪುಸ್ತಕಗಳು ಯುದ್ಧಕಾಲದ ದಾಳಿಗೆ ಸಿಕ್ಕಿ ಸಮುದ್ರದ ಪಾಲಾದವು.

ಕರಾರಿನಂತೆ ಅವರು ಬರೋಡಕ್ಕೆ ಹೋದರು. ಆದರೆ ವೇತನ ಕೊಟ್ಟ ಊರಿನಲ್ಲಿ ಅಸ್ಪೃಶ್ಯನೆಂಬ ಕಾರಣಕ್ಕೆ ತಲೆಯಿಡಲು ಸ್ಥಳವೊಂದು ದೊರೆಯಲಿಲ್ಲ. ಕಚೇರಿಯ ಜವಾನನೂ ಕಾಗದಗಳನ್ನು ದೂರದಿಂದ ಎಸೆಯುತ್ತಿದ್ದನಂತೆ. ಧನಸಹಾಯ ಮಾಡಿದ ಅರಸನ ಔದಾರ್ಯ ದೊಡ್ಡದೇ; ಅದು ಅರಮನೆಯ ಹೊರಗಿನ ಬೀದಿಯವರೆಗೆ ನಡೆಯಲಿಲ್ಲ. ಕೆಲವೇ ದಿನಗಳಲ್ಲಿ ಅವರು ಬರೋಡವನ್ನು ಬಿಡಬೇಕಾಯಿತು.

ಇನ್ನು ಉಳಿದಿದ್ದುದು ದುಡಿದು ಕೂಡಿಡುವ ದಾರಿ. 1918ರ ನವೆಂಬರಿನಲ್ಲಿ ಮುಂಬಯಿಯ ಸಿಡನ್ಹ್ಯಾಂ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ದೊಡ್ಡ ಸಂಬಳ ಬಂದರೂ ಮನೆ ಬದಲಾಗಲಿಲ್ಲ; ಕಾರ್ಮಿಕರ ವಠಾರದಲ್ಲಿಯೇ ವಾಸ. ಹಾಗೆ ಉಳಿಸಿದ ಹಣ, ಸ್ನೇಹಿತ ನವಲ್ ಭಟೇನರು ಕೊಟ್ಟ 5,000 ರೂಪಾಯಿಯ ಸಾಲ, ಕೊಲ್ಹಾಪುರದ ಶಾಹು ಮಹಾರಾಜರ ನೆರವು ಇವನ್ನು ಒಟ್ಟುಗೂಡಿಸಿಕೊಂಡು, ಗಡುವು ಮೀರುವ ಮೊದಲೇ 1920ರಲ್ಲಿ ಲಂಡನ್ನಿಗೆ ಮರಳಿದರು. ಬೆಳಗಿನ ಒಂದು ಚೂರು ರೊಟ್ಟಿ, ರಾತ್ರಿ ಹಸಿವಾದರೆ ಸುಟ್ಟ ಹಪ್ಪಳ. ಉಳಿದ ಹೊತ್ತೆಲ್ಲ ಗ್ರಂಥಾಲಯ. ಅಧ್ಯಯನದ ವಿಷಯವಾದರೂ ಯಾವುದು? ರೂಪಾಯಿಯ ಸಮಸ್ಯೆ! ಪರೀಕ್ಷಕರು ಆ ಪ್ರಬಂಧವನ್ನು ತಿದ್ದಿಕೊಡುವಂತೆ ಕೇಳಿದಾಗ ಕೈಯಲ್ಲಿನ ಹಣ ತೀರುತ್ತ ಬಂದಿತ್ತು. ಮುಂಬಯಿಗೆ ಹಿಂದಿರುಗಿ, ಅಲ್ಲಿಂದಲೇ ತಿದ್ದಿ ಕಳುಹಿಸಿದರು. 1923ರಲ್ಲಿ ಡಿ.ಎಸ್‌ಸಿ. ಪದವಿ ಬಂದಿತು.

1942ರಲ್ಲಿ ಅಂಬೇಡ್ಕರರು ವೈಸರಾಯರ ಕಾರ್ಯಕಾರಿ ಮಂಡಲಿಯ ಸದಸ್ಯರಾದರು. ಅದೇ ವರ್ಷ ಸಲ್ಲಿಸಿದ ಮನವಿಯಲ್ಲಿ ಪರಿಶಿಷ್ಟ ಜಾತಿಗಳ ಉಚ್ಚ ಶಿಕ್ಷಣಕ್ಕೆ ಸರ್ಕಾರದ ಬೊಕ್ಕಸದಿಂದ ಹಣ ಕೇಳಿದರು. 1944ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾಯಿತು. ಮಾರ್ಪಾಡುಗಳೊಡನೆ ಆ ಯೋಜನೆ ಇಂದಿಗೂ ನಡೆಯುತ್ತಿದೆ. ಅದನ್ನು ಪಡೆಯುವ ವಿದ್ಯಾರ್ಥಿಯು ಯಾವ ಅರಸನಿಗೂ ಹತ್ತು ವರ್ಷಗಳ ಕರಾರು ಬರೆದುಕೊಡಬೇಕಾಗಿಲ್ಲ.