ಅವಶ್ಯಕ ಕೆಲಸ ಯಾವುದು? ಯಾರದು?
(ಸದಸ್ಯ ಶಿಕ್ಷಣ ಪಾಠ)



ಹಸುವಿನ ಆರೋಗ್ಯ, ಮೇವು, ಹಾಲಿನ ಗುಣಮಟ್ಟ ಇವುಗಳ ಬಗ್ಗೆ ಈ ಪುಟದಲ್ಲಿ ಆಗಾಗ ಓದುತ್ತಿರುತ್ತೀರಿ. ಈ ಸಲದ ಪಾಠ ಹಟ್ಟಿಯದಲ್ಲ, ಊರಿನದು. 2020ರ ಕೊರೊನಾ ಕಾಲದಲ್ಲಿ ನಮ್ಮ ಅನೇಕ ಹಳ್ಳಿಗಳಲ್ಲಿ ಒಂದು ಮನಸ್ತಾಪ ಹುಟ್ಟಿತು. ರೋಗ ಹೋಯಿತು, ಮನಸ್ತಾಪ ಕೆಲವು ಕಡೆ ಇನ್ನೂ ಉಳಿದಿದೆ. "ನಿಮ್ಮ ಕೆಲಸ ಅವಶ್ಯಕ, ನಮ್ಮದು ಬೇಡದ್ದು" ಎಂಬ ಮಾತಿನಿಂದ ಹುಟ್ಟಿದ ಮನಸ್ತಾಪ ಅದು. ಅದರ ಮೂಲ ಎಲ್ಲಿದೆ, ಮುಂದೆ ಇಂಥ ಕಾಲ ಬಂದರೆ ಸಂಘದ ಸದಸ್ಯರಾಗಿ ನಾವು ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ನಿಧಾನವಾಗಿ ವಿಚಾರ ಮಾಡೋಣ.

1. ಅಂದು ನಡೆದದ್ದು

2020ರ ಮಾರ್ಚ್ 24ರ ರಾತ್ರಿ ಇಡೀ ದೇಶಕ್ಕೆ ಲಾಕ್‌ಡೌನ್ ಸಾರಲಾಯಿತು. ಮರುದಿನ, ಅಂದರೆ ಮಾರ್ಚ್ 25, ಯುಗಾದಿ. ಮೊದಲು 21 ದಿನ ಎಂದು ಹೇಳಲಾಗಿತ್ತು. ಬಳಿಕ ಹಂತ ಹಂತವಾಗಿ ಮೇ 31ರವರೆಗೆ ಮುಂದುವರಿಯಿತು. ಒಟ್ಟು 68 ದಿನ.

ಕೇಂದ್ರ ಗೃಹ ಸಚಿವಾಲಯದ ಆದೇಶದಲ್ಲಿ ಎಲ್ಲವನ್ನೂ ಮುಚ್ಚಬೇಕೆಂದು ಹೇಳಿ, ಕೆಲವಕ್ಕೆ ಮಾತ್ರ ವಿನಾಯಿತಿ ಕೊಡಲಾಗಿತ್ತು. ಪಡಿತರ ಅಂಗಡಿ, ದಿನಸಿ, ಹಣ್ಣು ತರಕಾರಿ, ಹಾಲಿನ ಕೇಂದ್ರ, ಮಾಂಸ, ಮೀನು, ಪಶುಗಳ ಮೇವು ಇವು ಆ ಪಟ್ಟಿಯಲ್ಲಿದ್ದವು. ಕೃಷಿ ಕೆಲಸಗಳ ವಿನಾಯಿತಿ ನಂತರದ ಆದೇಶಗಳಲ್ಲಿ ಸೇರಿತು. ಏಪ್ರಿಲ್ 15ರ ಮಾರ್ಗಸೂಚಿಯಲ್ಲಿ ಹಾಲಿನ ಸಂಗ್ರಹಣೆ, ಸಂಸ್ಕರಣೆ, ಸಾಗಾಣಿಕೆ, ಮಾರಾಟ ಎಲ್ಲವನ್ನೂ ಬಿಡಿಸಿ ಹೇಳಲಾಯಿತು.

ಹೀಗಾಗಿ ಊರೆಲ್ಲ ಬಾಗಿಲು ಹಾಕಿದ್ದಾಗಲೂ ಬೆಳಗ್ಗೆ ಮತ್ತು ಸಂಜೆ ಡೇರಿಯ ಬಾಗಿಲು ತೆರೆಯುತ್ತಿತ್ತು. ಸುಣ್ಣದಲ್ಲಿ ವೃತ್ತ ಬರೆದು, ಒಬ್ಬೊಬ್ಬರನ್ನು ಒಂದೊಂದು ವೃತ್ತದಲ್ಲಿ ನಿಲ್ಲಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಸಿ ಹಾಲು ಅಳೆದುಕೊಂಡ ಸಂಘಗಳು ಎಷ್ಟೋ ಇವೆ. ಈ ಪಾಠ ಓದುತ್ತಿರುವ ನಿಮ್ಮಲ್ಲಿ ಹಲವರು ಆ ವೃತ್ತದಲ್ಲಿ ನಿಂತವರೇ.

2. ಅಣ್ಣನ ಹೂವು, ತಮ್ಮನ ಹಾಲು

ವಿಷಯ ತಿಳಿಯಾಗಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇಂಥದ್ದು ನಿಮ್ಮ ಊರಲ್ಲೂ ಇದ್ದೀತು. ಒಂದೇ ಮನೆಯಿಂದ ಪಾಲಾದ ಅಣ್ಣ ತಮ್ಮಂದಿರು. ಅಣ್ಣ ಅರ್ಧ ಎಕರೆಯಲ್ಲಿ ಸೇವಂತಿಗೆ ಬೆಳೆದಿದ್ದಾನೆ. ತಮ್ಮ ಮೂರು ಹಸು ಕಟ್ಟಿ ದಿನಕ್ಕೆ 20 ಲೀಟರ್ ಹಾಲು ಡೇರಿಗೆ ಹಾಕುತ್ತಾನೆ.

ಅಣ್ಣ ಯುಗಾದಿಯ ಪೇಟೆಗೆಂದು ಹೂವು ಕಾಯ್ದುಕೊಂಡಿದ್ದ. ಹಬ್ಬದ ದಿನವೇ ಎಲ್ಲ ಬಂದ್. ಮುಂದೆ ಮದುವೆಗಳಿಲ್ಲ, ಜಾತ್ರೆಗಳಿಲ್ಲ, ದೇವಸ್ಥಾನದ ಬಾಗಿಲೂ ಇಲ್ಲ. ಬಿಡಿಸಿದ ಹೂವು ತಿಪ್ಪೆಗೆ ಹೋಯಿತು. ಕೊನೆಗೆ ಬಿಡಿಸುವ ಕೂಲಿಯೂ ಹುಟ್ಟದೆಂದು ಗಿಡದಲ್ಲೇ ಬಿಟ್ಟ. ಅದೇ ಹೊತ್ತಿಗೆ ತಮ್ಮ ಎರಡು ಹೊತ್ತೂ ಕ್ಯಾನು ಹಿಡಿದು ಅವನ ಮನೆ ಮುಂದೆಯೇ ಡೇರಿಗೆ ಹೋಗಿ ಬರುತ್ತಿದ್ದ. ಒಂದು ದಿನ ಅಣ್ಣ ಕೇಳಿಯೇಬಿಟ್ಟ: "ನಿನ್ನ ಹಾಲು ಬೇಕಂತೆ, ನನ್ನ ಹೂವು ಬೇಡವಂತೆ. ಒಂದೇ ಅಪ್ಪನ ಜಮೀನಲ್ಲವೇನೋ ಇಬ್ಬರದೂ?"

ತಮ್ಮನಿಗೂ ಸಿಟ್ಟು ಬಂತು. "ನಾನೇನು ಸುಖವಾಗಿದ್ದೀನಾ ಅಣ್ಣ? ಬೂಸಾ ತರೋಕೆ ಹೋದರೆ ದಾರೀಲಿ ತಡೀತಾರೆ. ದಿನಾ ನೂರು ಜನರ ನಡುವೆ ನಿಂತು ಬರ್ತೀನಿ. ಮನೇಲಿ ಅವ್ವ ಇದ್ದಾಳೆ" ಎಂದ. ಇಬ್ಬರ ಮಾತೂ ನಿಜ. ಆದರೂ ಮಾತು ಅಲ್ಲಿಗೇ ನಿಂತುಹೋಯಿತು.

3. ಲೆಕ್ಕ ಏನು ಹೇಳುತ್ತದೆ?

ಸಿಟ್ಟನ್ನು ಬದಿಗಿಟ್ಟು ಲೆಕ್ಕ ಹಾಕೋಣ. ಲೀಟರಿಗೆ 25 ರೂ. ಎಂದು ಹಿಡಿದರೆ ತಮ್ಮನ 20 ಲೀಟರಿಗೆ ದಿನಕ್ಕೆ 500 ರೂ. ಅರವತ್ತೆಂಟು ದಿನಕ್ಕೆ 34,000 ರೂ. ಬಟವಾಡೆ. ಹಿಂಡಿ, ಬೂಸಾ, ಮೇವು, ಔಷಧಿಯ ಖರ್ಚು ಕಳೆದು ಮೂರರಲ್ಲಿ ಒಂದು ಪಾಲು ಉಳಿಯಿತು ಎಂದುಕೊಂಡರೆ ಕೈಗೆ ಬಂದದ್ದು 11,000 ರೂ. ಚಿಲ್ಲರೆ. ಇದರ ಮೇಲೆ ಸರ್ಕಾರದ ಪ್ರೋತ್ಸಾಹಧನ ಆಗ ಲೀಟರಿಗೆ 5 ರೂ. ಇತ್ತು.

ಇನ್ನು ಅಣ್ಣನ ಲೆಕ್ಕ. 2020ರ ಮೇ 6ರಂದು ರಾಜ್ಯ ಸರ್ಕಾರ 1,610 ಕೋಟಿ ರೂ. ಪರಿಹಾರ ಸಾರಿತು. ಅದರಲ್ಲಿ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂ., ಹೆಚ್ಚೆಂದರೆ ಒಂದು ಹೆಕ್ಟೇರಿಗೆ. ಒಂದು ಹೆಕ್ಟೇರು ಎಂದರೆ ಸುಮಾರು ಎರಡೂವರೆ ಎಕರೆ. ಅಂದರೆ ಅರ್ಧ ಎಕರೆಯ ಅಣ್ಣನ ಪಾಲಿಗೆ ಬರುವುದು ಸುಮಾರು 5,000 ರೂ. ಸಸಿ, ಗೊಬ್ಬರ, ಔಷಧಿ, ಕೂಲಿ ಎಲ್ಲ ಅವನು ಮೊದಲೇ ಹಾಕಿಬಿಟ್ಟಿದ್ದ. ಅದೇ ಘೋಷಣೆಯಲ್ಲಿ ಕ್ಷೌರಿಕರಿಗೆ, ಮಡಿವಾಳರಿಗೆ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ಒಂದು ಬಾರಿಗೆ ತಲಾ 5,000 ರೂ. ಇತ್ತು.

ತಮ್ಮ ಶ್ರೀಮಂತನಾಗಲಿಲ್ಲ, ಅವನ ಮನೆ ನಡೆಯಿತು ಅಷ್ಟೇ. ಅಣ್ಣನ ಮನೆಯಲ್ಲಿ ಹಾಕಿದ ಬಂಡವಾಳವೇ ಹೋಯಿತು. ಅಣ್ಣನ ಹೊಟ್ಟೆಯುರಿಗೆ ಕಾರಣವಿಲ್ಲ ಎನ್ನುವಂತಿಲ್ಲ. ಆದರೆ ಅದಕ್ಕೆ ಹೊಣೆ ತಮ್ಮನಲ್ಲ.

4. ಹಾಲು ಏಕೆ ಪಟ್ಟಿಯಲ್ಲಿತ್ತು?

ಇಲ್ಲಿ ನಮ್ಮವರೂ ಒಂದು ತಪ್ಪು ತಿಳಿದರು. "ನಾವು ಅವಶ್ಯಕ ವರ್ಗದವರು" ಎಂದು ಕೆಲವರು ಹೆಮ್ಮೆಪಟ್ಟುಕೊಂಡರು. ಆ ಪಟ್ಟಿ ಮನುಷ್ಯರ ಯೋಗ್ಯತೆಯನ್ನು ಅಳೆದದ್ದಲ್ಲ. ಅದು ನೋಡಿದ್ದು ಈ ಕೆಲಸವನ್ನು ಮುಂದೂಡಬಹುದೇ, ಇದು ನಿಂತರೆ ಬೇರೆಯವರ ಹೊಟ್ಟೆಗೆ ಅಥವಾ ಜೀವಕ್ಕೆ ಅದೇ ದಿನ ತೊಂದರೆಯಾಗುತ್ತದೆಯೇ ಎಂಬುದನ್ನು.

ಹಸುವಿಗೆ ಲಾಕ್‌ಡೌನ್ ತಿಳಿಯದು. ಎರಡು ಹೊತ್ತು ಕರೆಯದಿದ್ದರೆ ಕೆಚ್ಚಲು ಬಾವು ಬರುತ್ತದೆ. ಕರೆದ ಹಾಲನ್ನು ತಣ್ಣಗೆ ಮಾಡದಿದ್ದರೆ ಕೆಲವೇ ಗಂಟೆಗಳಲ್ಲಿ ಕೆಡುತ್ತದೆ. ಪಟ್ಟಣದಲ್ಲಿ ಮಗುವಿಗೆ, ರೋಗಿಗೆ ಹಾಲು ನಾಳೆಗೆ ಎಂದರೆ ನಡೆಯದು. ಆದ್ದರಿಂದ ಹಾಲು ಪಟ್ಟಿಯಲ್ಲಿತ್ತು.

ಹೂವೂ ಕೆಡುತ್ತದಲ್ಲ ಎಂದು ನೀವು ಕೇಳಬಹುದು. ರೇಷ್ಮೆ ಹುಳುವೂ ಸೊಪ್ಪು ತಿನ್ನುವುದನ್ನು ನಿಲ್ಲಿಸುವುದಿಲ್ಲ ಎನ್ನಬಹುದು. ಸರಿಯಾದ ಪ್ರಶ್ನೆಯೇ. ಹೂವು ಕೆಟ್ಟರೆ ಕೊಳ್ಳುವವನು ಹಸಿದು ಮಲಗುವುದಿಲ್ಲ, ಬೆಳೆದವನು ಮಾತ್ರ ನಷ್ಟಪಡುತ್ತಾನೆ. ಪಟ್ಟಿ ಮಾಡಿದವರು ಕೊಳ್ಳುವವನ ಕಡೆಯಿಂದ ನೋಡಿದರು, ಬೆಳೆಯುವವನ ಕಡೆಯಿಂದ ನೋಡಲಿಲ್ಲ. ಇಲ್ಲೇ ಎಲ್ಲ ಮನಸ್ತಾಪದ ಬೇರು ಇದೆ.

5. ಮೂರು ಪ್ರಶ್ನೆಗಳನ್ನು ಒಂದು ಮಾಡಬಾರದು

ಇಂಥ ಕಾಲದಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿರುತ್ತವೆ.

(ಅ) ಯಾರ ಕೆಲಸ ನಿಲ್ಲಬಾರದು?
(ಆ) ಕೆಲಸ ನಿಂತವರ ನಷ್ಟವನ್ನು ಯಾರು ಹೊರಬೇಕು?
(ಇ) ಕೆಲಸ ನಿಲ್ಲಿಸದೆ ಅಪಾಯ ಹೊತ್ತವರಿಗೆ ಏನು ರಕ್ಷಣೆ?

2020ರಲ್ಲಿ ಮೊದಲನೆಯದಕ್ಕೆ ಒಂದೇ ರಾತ್ರಿಯಲ್ಲಿ ಉತ್ತರ ಬಂತು. ಎರಡನೆಯದಕ್ಕೆ ನಮ್ಮ ರಾಜ್ಯದ ಹೂ ಬೆಳೆಗಾರರು, ಕ್ಷೌರಿಕರು, ಮಡಿವಾಳರು ಆರು ವಾರ ಕಾಯಬೇಕಾಯಿತು. ಮೂರನೆಯದಕ್ಕೆ ಹಲವರಿಗೆ ಉತ್ತರವೇ ಬರಲಿಲ್ಲ. ಆಶಾ ಕಾರ್ಯಕರ್ತೆಯರನ್ನು ನೋಡಿ. ಮನೆ ಮನೆಗೆ ಹೋಗಿ ಜ್ವರ ವಿಚಾರಿಸಿದವರು ಅವರು. ಅವರಷ್ಟು ಅವಶ್ಯಕರು ಯಾರಿದ್ದರು? ಆದರೂ 2020ರ ಜುಲೈ ತಿಂಗಳಲ್ಲಿ ತಿಂಗಳಿಗೆ 12,000 ರೂ. ಗೌರವಧನ ಮತ್ತು ರಕ್ಷಣಾ ಸಾಮಗ್ರಿ ಕೇಳಿ ರಾಜ್ಯದ ಆಶಾ ಕಾರ್ಯಕರ್ತೆಯರು ಮುಷ್ಕರ ಹೂಡಬೇಕಾಯಿತು. ಅವಶ್ಯಕ ಎಂಬ ಹೆಸರು ಹೊಟ್ಟೆ ತುಂಬಿಸುವುದಿಲ್ಲ, ರೋಗವನ್ನೂ ತಡೆಯುವುದಿಲ್ಲ.

ನಮ್ಮ ಸಂಘದೊಳಗೂ ಇದೇ ಮಾತು. ನೂರಾರು ಸದಸ್ಯರ ಕ್ಯಾನುಗಳನ್ನು ಎರಡು ಹೊತ್ತೂ ಮುಟ್ಟಿದವರು ಹಾಲು ಪರೀಕ್ಷಕರು ಮತ್ತು ಸಹಾಯಕರು. ಊರಿಂದ ಊರಿಗೆ ಹೋದವರು ಟ್ಯಾಂಕರ್ ಚಾಲಕರು. 2021ರ ಜನವರಿ 16ರಂದು ಲಸಿಕೆ ಶುರುವಾದಾಗ ಮೊದಲು ಆರೋಗ್ಯ ಸಿಬ್ಬಂದಿಗೆ, ಫೆಬ್ರವರಿಯಲ್ಲಿ ಪೊಲೀಸರು, ಪೌರಕಾರ್ಮಿಕರು, ಕಂದಾಯ ಸಿಬ್ಬಂದಿ ಮೊದಲಾದ ಮುಂಚೂಣಿಯವರಿಗೆ ಕೊಡಲಾಯಿತು. ಕೇಂದ್ರದ ಆ ಮೊದಲ ಪಟ್ಟಿಯಲ್ಲಿ ಹಾಲಿನ ಸಂಘದವರ ಹೆಸರಿರಲಿಲ್ಲ. ಕೆಲಸಕ್ಕೆ ಕರೆಯುವಾಗ ಇದ್ದ ಹೆಸರು ಸೂಜಿಯ ಸಾಲಿನಲ್ಲಿ ಇಲ್ಲವಾಯಿತು. ಅಂದು ನಮ್ಮವರಿಗೆ ಆದ ನೋವು ಅಣ್ಣನ ನೋವಿಗಿಂತ ಬೇರೆಯಲ್ಲ. ಇದನ್ನು ನೆನಪಿಟ್ಟರೆ ಪಕ್ಕದ ಮನೆಯವನ ಸಿಟ್ಟು ಅರ್ಥವಾಗುತ್ತದೆ.

6. ಹಾಲಿಗೆ ಉಳಿವು ಬಂದದ್ದು ಎಲ್ಲಿಂದ?

ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಹಾಲು ಮಾರಾಟವಾಗಲಿಲ್ಲ ಎಂಬುದನ್ನು ಸದಸ್ಯರು ತಿಳಿದಿರಬೇಕು. ಹೋಟೆಲು, ಕಾಫಿ ಅಂಗಡಿ, ಮದುವೆ ಮಂಟಪ ಮುಚ್ಚಿದವು. ಶಾಲೆ ಮುಚ್ಚಿದ್ದರಿಂದ 2013ರಿಂದ ನಡೆದುಬಂದಿದ್ದ ಕ್ಷೀರಭಾಗ್ಯದ ಬೇಡಿಕೆಯೂ ನಿಂತಿತು. ತರಕಾರಿಗೂ ವಿನಾಯಿತಿ ಇತ್ತು. ಆದರೂ ಕೊಳ್ಳುವವರಿಲ್ಲದೆ ಎಷ್ಟೋ ರೈತರು ಟೊಮೆಟೊ, ಕೋಸು ಹೊಲದಲ್ಲೇ ಬಿಟ್ಟರು. ಹೆಚ್ಚಿನ ಹಾಲು ಹಾಗೆ ಚರಂಡಿಗೆ ಹೋಗದೆ ಉಳಿದದ್ದು ಹೇಗೆ?

ಹಳ್ಳಿಯ ಸಂಘ, ಜಿಲ್ಲಾ ಒಕ್ಕೂಟ, ರಾಜ್ಯ ಮಹಾಮಂಡಳ ಎಂಬ ಮೂರು ಹಂತದ ವ್ಯವಸ್ಥೆ ನಮಗಿತ್ತು. ಮಾರಾಟವಾಗದ ಹಾಲನ್ನು ಪುಡಿ ಮಾಡಲಾಯಿತು. ಕೆನೆ ತೆಗೆದ 100 ಲೀಟರ್ ಹಾಲಿನಿಂದ ಸುಮಾರು 9 ಕಿಲೋ ಪುಡಿ ಸಿಗುತ್ತದೆ. ಅದನ್ನು ತಿಂಗಳುಗಟ್ಟಲೆ ಇಡಬಹುದು. ಉಳಿದ ಹಾಲಿನಲ್ಲಿ ಒಂದು ಭಾಗವನ್ನು ರಾಜ್ಯ ಸರ್ಕಾರ ಕೊಂಡು 2020ರ ಏಪ್ರಿಲ್‌ನಲ್ಲಿ ಪಟ್ಟಣದ ಕೊಳೆಗೇರಿಗಳ ಬಡವರಿಗೆ ಉಚಿತವಾಗಿ ಹಂಚಿತು. ಪುಡಿಯ ದಾಸ್ತಾನು ಬೆಳೆದು ಹಲವು ಒಕ್ಕೂಟಗಳು ಖರೀದಿ ದರ ಇಳಿಸಬೇಕಾಯಿತು ಎಂಬುದೂ ನಿಜ. ಅದರ ಪೆಟ್ಟು ನಿಮಗೆ ಬಿತ್ತು. ಆದರೆ ಹೆಚ್ಚಿನ ದಿನ, ಹೆಚ್ಚಿನ ಕಡೆ ಕ್ಯಾನು ವಾಪಸು ಬರಲಿಲ್ಲ.

ನಮ್ಮನ್ನು ಕಾಪಾಡಿದ್ದು 'ಅವಶ್ಯಕ' ಎಂಬ ಪದವಲ್ಲ, ಹಿಂದಿನವರು ಪಾಲು ಬಂಡವಾಳ ಹಾಕಿ ಕಟ್ಟಿದ ಸಂಘಟನೆ. ಅಣ್ಣನಿಗೆ ಕೊರತೆಯಾದದ್ದೂ ಇದೇ. ಅವನ ಹೂವಿಗೆ ಶೀತಲಗೃಹವಿರಲಿಲ್ಲ, ಒಟ್ಟಾಗಿ ಮಾತನಾಡುವ ಸಂಘವಿರಲಿಲ್ಲ.

7. ನಾವು ಮಾಡಬೇಕಾದದ್ದು

ಅಂತರರಾಷ್ಟ್ರೀಯ ಸಹಕಾರ ಮೈತ್ರಿ ಸಂಸ್ಥೆಯು 1995ರಲ್ಲಿ ಒಪ್ಪಿದ ಏಳು ಸಹಕಾರ ತತ್ವಗಳಲ್ಲಿ ಏಳನೆಯದು ಸಮುದಾಯದ ಬಗ್ಗೆ ಕಾಳಜಿ. ಹಾಲು ಹಾಕದವನೂ ನಮ್ಮ ಊರಿನವನೇ ಎಂಬುದು ಅದರ ಸರಳ ಅರ್ಥ. ಇದನ್ನು ಮನಸ್ಸಿನಲ್ಲಿಟ್ಟು ಈ ಕೆಳಗಿನವನ್ನು ಆಡಳಿತ ಮಂಡಳಿಯಲ್ಲಿ ಚರ್ಚಿಸಿರಿ.

• ಕಷ್ಟ ಬರುವ ಮೊದಲೇ ಬದಲಿ ಹಾಲು ಪರೀಕ್ಷಕರೊಬ್ಬರಿಗೆ ತರಬೇತಿ ಕೊಡಿಸಿರಿ. ಒಬ್ಬರೇ ಇದ್ದರೆ ಅವರು ಜ್ವರ ಬಂದರೂ ಹೇಳದೆ ಬರುತ್ತಾರೆ.

• ಸಿಬ್ಬಂದಿಗೆ ಕೈಗವಸು, ಸಾಬೂನು, ಮುಖಗವಸು, ವಿಮೆ ಇವುಗಳನ್ನು ಉಪಕಾರವೆಂದು ಕೊಡಬೇಡಿರಿ. ಅವು ಕೆಲಸಕ್ಕೆ ಕರೆದವರ ಸಾಲ.

• ಪಶು ಆಹಾರದ ದಾಸ್ತಾನು ಕೆಲವು ದಿನಕ್ಕಾದರೂ ಸಾಲುವಂತೆ ಇರಲಿ.

• ಊರಿನಲ್ಲಿ ಕೆಲಸ ನಿಂತ ಮನೆಗಳ ಪಟ್ಟಿ ಮಾಡಿರಿ. ಉಪವಿಧಿಗಳಲ್ಲಿ ಅವಕಾಶವಿರುವಷ್ಟು ಹಣವನ್ನು ಸಾಮಾನ್ಯ ಸಭೆಯ ಒಪ್ಪಿಗೆಯಿಂದ ಅವರಿಗೆ ಬಳಸಿರಿ. ಅದೂ ಆಗದಿದ್ದರೆ ಸದಸ್ಯರೇ ಒಂದೊಂದು ಹೊತ್ತಿನ ಅರ್ಧ ಲೀಟರ್ ಹಾಲನ್ನು ಆ ಮಕ್ಕಳಿಗೆ ಬಿಟ್ಟುಕೊಡಬಹುದು.

• ಪರಿಹಾರದ ಅರ್ಜಿ ತುಂಬಲು ಬಾರದವರಿಗೆ ಸಂಘದ ಕಾರ್ಯದರ್ಶಿ ನೆರವಾಗಲಿ. 2020ರಲ್ಲಿ ಕ್ಷೌರಿಕರು, ಮಡಿವಾಳರು ಸೇವಾಸಿಂಧು ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಅರ್ಜಿ ಹಾಕಬೇಕಾಗಿತ್ತು. ಡೇರಿಯ ಕಂಪ್ಯೂಟರ್ ಹಾಲಿನ ಲೆಕ್ಕಕ್ಕೆ ಮಾತ್ರ ಎಂಬ ನಿಯಮ ಬೇಡ.

• ಹೂವು, ತರಕಾರಿ ಬೆಳೆಗಾರರು ಸಂಘ ಕಟ್ಟಲು ಬಯಸಿದರೆ ನಿಮ್ಮ ಅನುಭವ ಹೇಳಿಕೊಡಿರಿ.

• ನಾಲಿಗೆಯ ಮೇಲೆ ಹಿಡಿತವಿರಲಿ. "ನಮ್ಮದು ಅವಶ್ಯಕ" ಎಂದು ಕೆಲಸ ಕಳೆದುಕೊಂಡವನ ಎದುರು ಹೇಳಬೇಡಿರಿ. ಮನೆಯಲ್ಲೇ ಕುಳಿತು ಸಂಬಳ ಪಡೆದ ಎಲ್ಲರನ್ನೂ ಸೋಮಾರಿಗಳೆಂದೂ ಬೈಯಬೇಡಿರಿ. ಅವರು ಮನೆಯಲ್ಲಿ ಉಳಿದದ್ದರಿಂದಲೇ ನಾವು ಡೇರಿಗೆ ಹೋಗುವ ದಾರಿಯಲ್ಲಿ ರೋಗ ಕಡಿಮೆಯಿತ್ತು.

ಬಂಧುಗಳೇ, ಕೆಲಸ ನಿಲ್ಲಿಸದವರು ಊರಿಗೆ ಅನ್ನ ಕೊಟ್ಟರು. ಕೆಲಸ ನಿಲ್ಲಿಸಿದವರು ತಮ್ಮ ಅನ್ನ ಬಿಟ್ಟು ಊರಿಗೆ ಆರೋಗ್ಯ ಕೊಟ್ಟರು. ಎರಡೂ ಸೇವೆಯೇ. ಮೊದಲನೆಯದಕ್ಕೆ ಒಂದು ಹೆಸರಿತ್ತು, ಎರಡನೆಯದಕ್ಕೆ ಇರಲಿಲ್ಲ. ಆ ಹೆಸರನ್ನು ಸರ್ಕಾರ ಕೊಡದಿದ್ದರೂ ಊರಿನ ಸಂಘ ಕೊಡಬಹುದು. ನಿಮ್ಮ ಊರಿನಲ್ಲಿ ಅಂದು ಮಾತು ನಿಂತುಹೋದ ಮನೆ ಯಾವುದಾದರೂ ಇದ್ದರೆ, ನಾಳೆ ಡೇರಿಯಿಂದ ಮರಳುವಾಗ ಅಲ್ಲಿ ಒಂದು ಗಳಿಗೆ ನಿಂತು ಮಾತನಾಡಿಸಿರಿ.

ಮಾಸಿಕ ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಮ್ಮ ಊರಿನಲ್ಲಿ 2020ರಲ್ಲಿ ಹೆಚ್ಚು ನಷ್ಟಪಟ್ಟ ಕಸುಬು ಯಾವುದು? ನಮ್ಮ ಸಂಘ ಅವರಿಗೆ ಏನು ಮಾಡಿತು?

2. ನಮ್ಮ ಹಾಲು ಪರೀಕ್ಷಕರಿಗೆ ಹತ್ತು ದಿನ ಕಾಯಿಲೆಯಾದರೆ ಬದಲಿ ಯಾರು?

3. ಸಂಘದ ಉಪವಿಧಿಗಳಲ್ಲಿ ಊರಿನ ಹಿತಕ್ಕೆ ಹಣ ಬಳಸಲು ಎಷ್ಟು ಅವಕಾಶವಿದೆ? ಓದಿ ಹೇಳಿರಿ.

4. ಸಭೆಗೆ ಹಾಲು ಹಾಕದ ಇಬ್ಬರನ್ನು ಕರೆಸಿ, ಆ ದಿನಗಳ ಬಗ್ಗೆ ಅವರ ಮಾತು ಕೇಳಿರಿ.