ಕೋಳಿಯ ಕ್ರಾಪ್ ಕಟ್ಟಿದೆಯೇ? ಗೆಲ್ಲಲು 7 ಸೂತ್ರಗಳು

ಓದು, ಆಫೀಸಿನ ಜೊತೆಗೇ ಹಿತ್ತಲಲ್ಲಿ ನಾಲ್ಕು ಗಿರಿರಾಜ ಕೋಳಿ ಸಾಕಿದ್ದೀರಿ. ಮೊಟ್ಟೆಯಿಂದ ಸೈಡ್ ಇನ್‌ಕಮ್ ಶುರುವಾಗಿದೆ. ಈಗ ಒಂದು ಹೇಂಟೆ ಮಂಕಾಗಿ ಕೂತಿದೆ, ಕತ್ತಿನ ಬುಡ ಉಬ್ಬಿದೆ. ‘ನನ್ನ ಕೈಲಾಗುತ್ತಾ?’ ಅನ್ನುವುದು ಬರೀ ಅಭ್ಯಾಸ. ಅದನ್ನು ಬಿಡಿ, ಕೆಲಸಕ್ಕಿಳಿಯಿರಿ.

1. ಬೆಳಿಗ್ಗೆ ಮುಟ್ಟಿ ನೋಡಿ.
ಕೋಳಿ ತಿಂದದ್ದು ಮೊದಲು ತುಂಬಿಕೊಳ್ಳುವ ಚೀಲವೇ ಕ್ರಾಪ್. ಎದೆಯ ಬಲಭಾಗದಲ್ಲಿ ಕೈಗೆ ಸಿಗುತ್ತದೆ. ಸಂಜೆ ಉಬ್ಬಿದ್ದರೆ ಗಾಬರಿಯಾಗಬೇಡಿ, ಚೆನ್ನಾಗಿ ಮೇದಿದೆ ಎಂದರ್ಥ. ಬೆಳಿಗ್ಗೆ ಕಾಳು ಹಾಕುವ ಮುಂಚೆ ಅದು ಖಾಲಿಯಾಗಿರಬೇಕು. ಆಗಲೂ ತುಂಬಿದ್ದರೆ ಏನೋ ಕೆಟ್ಟಿದೆ.

2. ಮೊದಲು ಡಯಾಗ್ನೋಸಿಸ್, ಆಮೇಲೆ ಆ್ಯಕ್ಷನ್.
ಹಿಟ್ಟಿನ ಉಂಡೆಯಂತೆ ಗಟ್ಟಿಯಾಗಿದ್ದರೆ ಮೇವು ಕಟ್ಟಿಕೊಂಡಿದೆ. ಉದ್ದನೆಯ ಹುಲ್ಲು, ತೆಂಗಿನ ನಾರು, ಪ್ಲಾಸ್ಟಿಕ್ ಚೂರು ಇದಕ್ಕೆ ಸಾಮಾನ್ಯ ಕಾರಣ. ಮೆತ್ತಗೆ ನೀರು ತುಂಬಿದಂತಿದ್ದು, ಬಾಯಿಂದ ಹುಳಿ ವಾಸನೆ ಬಂದರೆ ಅದು ಸಾವರ್ ಕ್ರಾಪ್. ಒಳಗೆ ಕ್ಯಾಂಡಿಡಾ ಎಂಬ ಯೀಸ್ಟ್ ಬೆಳೆದಿರುತ್ತದೆ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಊಹೆ ಮೇಲೆ ಔಷಧಿ ಹಾಕಬೇಡಿ.

3. ಬೇರೆ ಇಡಿ.
ಮಂಕರಿಯೋ ಪಂಜರವೋ ಸಾಕು. ಬೆಚ್ಚಗಿರಲಿ. ಕಾಳು ನಿಲ್ಲಿಸಿ, ಆದರೆ 24 ಗಂಟೆ ಮೀರಬೇಡಿ. ನೀರು ಮಾತ್ರ ಸದಾ ಇರಲಿ. ಒಂಟಿಯಾಗಿದ್ದರೆ ಹಿಕ್ಕೆ ಬಿದ್ದಿತೇ ಇಲ್ಲವೇ ತಕ್ಷಣ ಗೊತ್ತಾಗುತ್ತದೆ.

4. ಗಟ್ಟಿಯಾಗಿದ್ದರೆ ಎಣ್ಣೆ, ಮಸಾಜ್.
ಡ್ರಾಪರ್‌ನಲ್ಲಿ 2–3 ಮಿ.ಲೀ. ಕೊಬ್ಬರಿ ಎಣ್ಣೆ ತೆಗೆದುಕೊಳ್ಳಿ. ಕೊಕ್ಕಿನ ಪಕ್ಕದಿಂದ ಹನಿ ಹನಿಯಾಗಿ ಬಿಡಿ. ಒಂದೊಂದು ಹನಿಯನ್ನೂ ಅದು ನುಂಗಲಿ. ಆತುರಪಟ್ಟು ಸುರಿದರೆ ಎಣ್ಣೆ ಶ್ವಾಸಕೋಶಕ್ಕೆ ಹೋಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಬೆರಳ ತುದಿಯಿಂದ ಐದು ನಿಮಿಷ ಮೃದುವಾಗಿ ನೀವಿ. ದಿನಕ್ಕೆ ಮೂರು ನಾಲ್ಕು ಸಲ ಮಾಡಿ. ಉಂಡೆ ಸಡಿಲವಾದರೆ ನೀರಲ್ಲಿ ನೆನೆಸಿದ ಫೀಡ್ ಸ್ವಲ್ಪ ಸ್ವಲ್ಪವೇ ಕೊಡಿ.

5. ಮೆತ್ತಗಿದ್ದರೆ ಹಿಸುಕಲೇಬೇಡಿ.
ಕೋಳಿಯನ್ನು ತಲೆಕೆಳಗೆ ಹಿಡಿದು ವಾಂತಿ ಮಾಡಿಸುವವರಿದ್ದಾರೆ. ದಯವಿಟ್ಟು ಬೇಡ! ಹೊರಬಂದ ದ್ರವ ಉಸಿರಿನ ದಾರಿಗೆ ಇಳಿದು ಕೋಳಿ ನಿಮ್ಮ ಕೈಯಲ್ಲೇ ಸಾಯಬಹುದು. ಬೆಲ್ಲದ ನೀರು, ಬ್ರೆಡ್ ನಿಲ್ಲಿಸಿ, ಸಕ್ಕರೆ ಅಂಶ ಯೀಸ್ಟ್‌ಗೆ ಊಟ. ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಕೂಡ ಕೊಡಬೇಡಿ. ಅದು ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೊಂದು ಯೀಸ್ಟ್‌ಗೆ ಜಾಗ ಮಾಡಿಕೊಡುತ್ತದೆ. ಇಲ್ಲಿ ಬೇಕಾದ್ದು ನಿಸ್ಟಾಟಿನ್‌ನಂಥ ಫಂಗಸ್ ನಿರೋಧಕ. ಡೋಸ್ ಪಶುವೈದ್ಯರೇ ಹೇಳಲಿ. ಔಷಧಿ ನಡೆಯುವಾಗ ಮೊಟ್ಟೆ ತಿನ್ನಬಹುದೇ, ಮಾರಬಹುದೇ ಎಂದೂ ಕೇಳಿಕೊಳ್ಳಿ.

6. ಡೆಡ್‌ಲೈನ್ ಹಾಕಿಕೊಳ್ಳಿ.
ಒಂದು ದಿನದಲ್ಲಿ ಬದಲಾವಣೆ ಕಾಣದಿದ್ದರೆ ಪಶು ಆಸ್ಪತ್ರೆಗೆ ಹೊರಡಿ, ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ವೈದ್ಯರು ಬೇಕಾದರೆ ಕ್ರಾಪ್ ಕೊಯ್ದು, ಖಾಲಿ ಮಾಡಿ, ಹೊಲಿಗೆ ಹಾಕುತ್ತಾರೆ. ವಿಡಿಯೋ ನೋಡಿ ಬ್ಲೇಡ್ ಹಿಡಿಯುವುದು ಧೈರ್ಯವಲ್ಲ, ಹಿಂಸೆ. ಹಸಿರು ಹಿಕ್ಕೆ, ಏದುಸಿರು, ತಿರುಚಿದ ಕತ್ತು ಕಂಡರೆ ಒಂದು ದಿನವೂ ಕಾಯಬೇಡಿ. ಅದು ಕೊಕ್ಕರೆ ಎಂಬ ಸಾಂಕ್ರಾಮಿಕ ರೋಗವಾಗಿದ್ದರೆ ಇಡೀ ಹಿಂಡಿಗೇ ಅಪಾಯ.

7. ಮತ್ತೆ ಬಾರದಂತೆ ಪ್ಲಾನ್ ಮಾಡಿ.
ಹುಲ್ಲನ್ನು ಚಿಕ್ಕದಾಗಿ ಕತ್ತರಿಸಿ ಹಾಕಿ. ದಾರ, ಪ್ಲಾಸ್ಟಿಕ್, ಮೊಳೆ ಆಯ್ದು ತೆಗೆಯಿರಿ. ಕೋಳಿಗೆ ಹಲ್ಲಿಲ್ಲ, ಗಿಜರ್ಡ್ ಎಂಬ ಅರೆಯುವ ಹೊಟ್ಟೆಯಲ್ಲಿರುವ ಸಣ್ಣ ಕಲ್ಲುಗಳೇ ಕಾಳು ಅರೆಯಬೇಕು. ಕಪ್ಪೆಚಿಪ್ಪಿನ ಪುಡಿ ಹಾಕಿದ್ದೇನೆ ಎಂದು ಸುಮ್ಮನಾಗಬೇಡಿ, ಅದು ಕರಗಿ ಕ್ಯಾಲ್ಸಿಯಂ ಕೊಡುತ್ತದೆ, ಅರೆಯುವುದಿಲ್ಲ. ಒಂದು ತಟ್ಟೆಯಲ್ಲಿ ಗಟ್ಟಿ ಕಲ್ಲಿನ ಸಣ್ಣ ಹರಳು ಇವತ್ತೇ ಇಡಿ.