ಒಂದು ರೋಗದ ಬೆನ್ನಿಗೆ ಇನ್ನೊಂದು



ನಮ್ಮ ಹಳಿಯಾಳ, ಮುಂಡಗೋಡ ಕಡೆ ಕಾಡಾನೆ ಗದ್ದೆಗೆ ಬರುವುದು ನಮಗೆಲ್ಲ ಗೊತ್ತು. ಆನೆ ಬೇಲಿ ಮುರಿದು ಹೋಗುತ್ತದೆ. ಅದೇ ಕಂಡಿಯಲ್ಲಿ ಹಂದಿ ನುಗ್ಗುತ್ತದೆ. ಉಳಿದ ಬೆಳೆಯನ್ನೂ ಹಾಳು ಮಾಡುತ್ತದೆ.

ನಮ್ಮ ದೇಹಕ್ಕೂ ಒಂದು ಬೇಲಿ ಇದೆ. ಅದು ರೋಗ ತಡೆಯುವ ಶಕ್ತಿ. ಕೊರೊನಾ, ಇನ್‌ಫ್ಲುಯೆಂಜಾ ಇವು ವೈರಸ್‌ನಿಂದ ಬರುವ ರೋಗಗಳು. ಇವು ಜೋರಾದರೆ ಬೇಲಿ ಮುರಿಯುತ್ತದೆ. ಆಗ ಬೇರೆ ರೋಗಾಣುಗಳು ಒಳಗೆ ಬರುತ್ತವೆ. ಕೆಲವು ಬ್ಯಾಕ್ಟೀರಿಯಾ. ಕೆಲವು ಬೂಷ್ಟು.

1918ರಲ್ಲಿ ಇನ್‌ಫ್ಲುಯೆಂಜಾ ಲೋಕಕ್ಕೆಲ್ಲ ಹಬ್ಬಿತು. ಸತ್ತವರಲ್ಲಿ ಬಹಳ ಜನರಿಗೆ ಜ್ವರದ ಬೆನ್ನಿಗೆ ನ್ಯುಮೋನಿಯಾ ಆಗಿತ್ತು. ಬ್ಯಾಕ್ಟೀರಿಯಾ ಅವರ ಶ್ವಾಸಕೋಶಕ್ಕೆ ಇಳಿದಿತ್ತು. ಅದನ್ನು ಕೊಲ್ಲುವ ಔಷಧ ಆಗ ಇರಲಿಲ್ಲ. ಈಗ ಇದೆ.

2021ರಲ್ಲಿ ಕೊರೊನಾದ ಎರಡನೇ ಅಲೆ ಬಂತು. ಗುಣವಾಗಿ ಮನೆಗೆ ಬಂದ ಕೆಲವರಿಗೆ ಮುಖ ಊದಿತು, ಕಣ್ಣು ಮಂಜಾಯಿತು. ಅದೇ ಕಪ್ಪು ಬೂಷ್ಟಿನ ರೋಗ. ಬ್ಲ್ಯಾಕ್ ಫಂಗಸ್ ಅಂತಲೂ ಕರೆದರು. ಹುಬ್ಬಳ್ಳಿಯ ಕಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ ಸುತ್ತಲಿನ ಜಿಲ್ಲೆಗಳ ಅನೇಕ ರೋಗಿಗಳಿಗೆ ಚಿಕಿತ್ಸೆ ನಡೆಯಿತು. ಕೆಲವರು ಕಣ್ಣು ಕಳೆದುಕೊಂಡರು. ಕೆಲವರ ಜೀವವೇ ಹೋಯಿತು.

ಈ ಬೂಷ್ಟು ಎಲ್ಲಿಂದ ಬಂತು? ಅದು ಮಣ್ಣಿನಲ್ಲಿ, ಗೊಬ್ಬರದಲ್ಲಿ, ಕೊಳೆತ ಎಲೆಯಲ್ಲಿ ಯಾವಾಗಲೂ ಇದೆ. ಅದರ ಕಣ ಗಾಳಿಯಲ್ಲಿ ಮೂಗಿಗೆ ಬರುತ್ತದೆ. ಗಟ್ಟಿ ಇದ್ದವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ ಅಪಾಯ ಹೆಚ್ಚು. ಸ್ಟೀರಾಯ್ಡ್ ಔಷಧ ತೆಗೆದುಕೊಂಡವರಿಗೂ ಅಪಾಯ ಉಂಟು.

ಸ್ಟೀರಾಯ್ಡ್ ಕೆಟ್ಟದ್ದಲ್ಲ. ಉಸಿರಾಡಲು ಕಷ್ಟಪಡುವ ಕೊರೊನಾ ರೋಗಿಯ ಜೀವವನ್ನು ಅದು ಉಳಿಸಬಲ್ಲದು. ಆದರೆ ಅದು ರಕ್ತದಲ್ಲಿ ಸಕ್ಕರೆ ಏರಿಸುತ್ತದೆ. ಬೇಲಿಯನ್ನೂ ಸಡಿಲ ಮಾಡುತ್ತದೆ. ಡಾಕ್ಟರು ಹೇಳಿದಷ್ಟು ದಿನ, ಹೇಳಿದಷ್ಟೇ ತೆಗೆದುಕೊಳ್ಳಬೇಕು. ನಾವೇ ಶುರು ಮಾಡಬಾರದು. ನಾವೇ ನಿಲ್ಲಿಸಲೂ ಬಾರದು.

ಮನೆಯಲ್ಲಿ ರೋಗಿಯ ಹತ್ತಿರ ಇರುವವರು ಹೆಚ್ಚಾಗಿ ನಾವೇ. ಮೊದಲು ಕಾಣುವುದೂ ನಮಗೇ. ಈ ಗುರುತು ನೆನಪಿಡೋಣ:

• ಮುಖದ ಒಂದು ಬದಿ ನೋವು, ಊತ
• ಮೂಗು ಕಟ್ಟುವುದು, ಕಪ್ಪು ಸಿಂಬಳ
• ಒಂದು ವಸ್ತು ಎರಡಾಗಿ ಕಾಣುವುದು
• ಹಲ್ಲು ಅಲುಗುವುದು, ಬಾಯೊಳಗೆ ಮೇಲೆ ಕಪ್ಪಾಗುವುದು
• ಬಿಟ್ಟ ಜ್ವರ ಮತ್ತೆ ಏರುವುದು, ಎದೆನೋವು, ಉಬ್ಬಸ

"ಜ್ವರ ಬಿಟ್ಟೈತಿ, ಇನ್ನೇನು?" ಅಂತ ಸುಮ್ಮನೆ ಕೂಡಬಾರದು. ಅಂದೇ ತಾಲೂಕು ಆಸ್ಪತ್ರೆಗೆ ಹೋಗಬೇಕು. ಉಬ್ಬಸ ಹೆಚ್ಚಾದರೆ 108ಕ್ಕೆ ಫೋನ್ ಮಾಡಬೇಕು. ಬೂಷ್ಟಿಗೆ ಬೇರೆ ಔಷಧ, ಬ್ಯಾಕ್ಟೀರಿಯಾಕ್ಕೆ ಬೇರೆ. ಪರೀಕ್ಷೆ ಮಾಡಿಯೇ ತಿಳಿಯಬೇಕು. ನೆರೆಮನೆಯಲ್ಲಿ ಉಳಿದ ಗುಳಿಗೆ ನುಂಗಿದರೆ ದಿನ ಕಳೆಯುತ್ತದೆ, ರೋಗ ಬೆಳೆಯುತ್ತದೆ.

ಕಪ್ಪು ಬೂಷ್ಟು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ರೋಗಿಯನ್ನು ದೂರ ಇಡಬೇಡಿ. ಊಟ ಕೊಡಿ, ಧೈರ್ಯ ಹೇಳಿ.

ಉತ್ತರ ಹೇಳಿ:
1. ದೇಹದ ಬೇಲಿ ಯಾವುದು?
2. ಕಪ್ಪು ಬೂಷ್ಟಿನ ಮೂರು ಗುರುತು ಯಾವುವು?
3. ನಮ್ಮ ಓಣಿಯಲ್ಲಿ ಸಕ್ಕರೆ ಕಾಯಿಲೆ ಯಾರಿಗಿದೆ? ಅವರಿಗೆ ಈ ಪಾಠ ಓದಿ ಹೇಳಿ.